ಬುಗ್ಗೆಯ ಉಸಿರು ತಂದ ಹುಯಿಯಾ

ಬಹಳ ಬಹಳ ಹಿಂದೆ, ಏಳು ಕಡಲುಗಳ ಆಚೆ, ಮಾವೊರಿ ಜನರ ಒಂದು ಪುಟ್ಟ ರಾಜ್ಯವಿತ್ತು. ಅಲ್ಲಿ ನೆಲವೇ ಒಲೆ. ಹೊಂಡದಲ್ಲಿ ಕೆಸರು ಕೊತಕೊತ ಕುದಿಯುತ್ತಿತ್ತು, ಕಲ್ಲುಬಿರುಕಿನ ಹಬೆಯಲ್ಲಿ ಗೆಣಸು ಬೇಯುತ್ತಿತ್ತು, ಊರ ನಡುವಿನ ದೊಡ್ಡ ಬುಗ್ಗೆ ಮುಗಿಲಿಗೆ ಬಿಸಿನೀರು ಚಿಮ್ಮುತ್ತಿತ್ತು. ಅದನ್ನು ನೋಡಲು ದೇಶದೇಶದ ಜನ ಬರುತ್ತಿದ್ದರು.

ಬಂದವರು ಸೀದಾ ಒಳಗೆ ನುಗ್ಗುವ ಹಾಗಿರಲಿಲ್ಲ. ಹೆಬ್ಬಾಗಿಲಲ್ಲಿ ಊರಿನ ಹೆಣ್ಣೊಬ್ಬಳು ಹಿರಿಯರ ಹೆಸರೆತ್ತಿ ರಾಗವಾಗಿ ಕರೆಯಬೇಕು, ಆಮೇಲೆ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳಬೇಕು. ಹಾಗೆ ಬಂದವನು ನೆಂಟ. ನೆಂಟನಿಂದ ಊರಿಗೆ ಕೇಡಾಗದು. ಕರೆಯುವ ಕೆಲಸ ಹುಯಿಯಾ ಎಂಬ ಹುಡುಗಿಯದು.

ಒಂದು ದಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಬಿಸಿಲು ಬೇರೆ. ಇನ್ನೊಬ್ಬನೇ ತಾನೇ ಎಂದು ಹುಯಿಯಾ ಕೊನೆಯವನನ್ನು ಕರೆಯದೆ, ಬರೀ ಕೈಸನ್ನೆ ಮಾಡಿ ಒಳಗೆ ಬಿಟ್ಟಳು. ಅವನೇ ಟೊಹೆ ಎಂಬ ಮಾಂತ್ರಿಕ. ಬುಗ್ಗೆಯ ಬಳಿ ಹೋದ, ಬಾಗಿದ, ಅದರ ಉಸಿರನ್ನೆಲ್ಲ ಹೀರಿಕೊಂಡು ಹಿಮದ ಬೆಟ್ಟಕ್ಕೆ ಹಾರಿಹೋದ. ಬುಗ್ಗೆ ಬತ್ತಿತು. ಕೆಸರು ಗಡ್ಡೆ ಕಟ್ಟಿತು. ಚಳಿಗಾಲ ಹತ್ತಿರವಿತ್ತು, ಊರವರು ಊರು ಬಿಡಲು ಗಂಟುಮೂಟೆ ಕಟ್ಟತೊಡಗಿದರು.

ಹುಯಿಯಾಳಿಗೆ ತಲೆಯೆತ್ತಲಾಗಲಿಲ್ಲ. ಮೆರೆ ಎಂಬ ತನ್ನ ಅಜ್ಜಿಯ ಮುಂದೆ ನಿಂತು ತಪ್ಪನ್ನೆಲ್ಲ ಹೇಳಿಕೊಂಡಳು. ಅಜ್ಜಿ ಬೈಯಲಿಲ್ಲ.

“ಅವತ್ತು ಆ ಟೊಹೆಯನ್ನ ಕರೀಲಿಲ್ವಲ್ಲ, ಈಗ ಹೋಗಿ ಕರಿ ಮಗಾ. ಮೂಗು ತಾಗಿದಾಗ ಬುಗ್ಗೆಯ ಉಸಿರು ನಿನ್ನೊಳಗೆ ಬರುತ್ತೆ. ಬುಗ್ಗೆ ಮುಟ್ಟೋವರೆಗೂ ಬಾಯಿ ತೆರೀಬೇಡ. ತೆರೆದರೆ ಅದು ಗಾಳಿಪಾಲು.”

“ತಂದೇ ತರ್ತೀನಿ ಅಜ್ಜಿ,” ಎಂದಳು ಹುಯಿಯಾ.

ಹಿಮದ ಬೆಟ್ಟದ ಗವಿಯ ಮುಂದೆ ಅವಳು ಹಿರಿಯರ ಒಂದು ಹೆಸರೂ ಬಿಡದೆ ರಾಗವಾಗಿ ಕರೆದಳು. ಟೊಹೆ ಹೊರಬಂದ. ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮೂಗು ತಾಗಿಸಿದ. ಬುಗ್ಗೆಯ ಉಸಿರು ಹುಯಿಯಾಳೊಳಗೆ ಇಳಿಯಿತು. ತುಟಿ ಬಿಗಿದು ಅವಳು ಓಟ ಕಿತ್ತಳು. ಮೋಸಹೋದೆನೆಂದು ಸಿಟ್ಟಾಗಿ ಟೊಹೆ ಬೆನ್ನಟ್ಟಿದ.

ಮೊದಲು ಕೆಸರುಭೂತವನ್ನು ಎಬ್ಬಿಸಿದ. ಅದು ಕಾಲು ಹಿಡಿದೆಳೆದು, ಕಿರುಚು ಎಂದಿತು. ಹುಯಿಯಾ ಬಾಯಿ ತೆರೆಯಲಿಲ್ಲ, ಒದ್ದು ಬಿಡಿಸಿಕೊಂಡಳು. ಆಮೇಲೆ ಬೆಟ್ಟದಷ್ಟು ದೊಡ್ಡ ಕಲ್ಲುಹಲ್ಲಿಯನ್ನು ಎಬ್ಬಿಸಿದ. ಅದು ದಾರಿಗೆ ಅಡ್ಡ ಮಲಗಿ, ಹೆಸರು ಹೇಳಿದರೆ ಬಿಡುತ್ತೇನೆ ಎಂದಿತು. ಹುಯಿಯಾ ಬಾಯಿ ತೆರೆಯಲಿಲ್ಲ. ಅದರ ಮುಳ್ಳುಬೆನ್ನು ಹತ್ತಿ, ಅಂಗಾಲು ಹರಿದುಕೊಂಡು, ಆಚೆ ಇಳಿದಳು.

ಮೂರನೆಯ ಕಷ್ಟವನ್ನು ಮಾಂತ್ರಿಕ ತರಬೇಕಾಗಿರಲಿಲ್ಲ. ಅದು ಊರ ಬಾಗಿಲಲ್ಲೇ ಇತ್ತು. ಬುಗ್ಗೆ ಎದುರಿಗೇ ಕಾಣುತ್ತಿತ್ತು, ಎದೆ ಒಡೆಯುವಂತಿತ್ತು, ಟೊಹೆ ಬೆನ್ನ ಹಿಂದೆಯೇ ಇದ್ದ. ಜನರೆಲ್ಲ ಓಡು ಓಡು ಎಂದರು. ಹುಯಿಯಾ ಓಡಲಿಲ್ಲ. ಕರೆಗಾಗಿ ಕಾಯುತ್ತ ಹೊಸ್ತಿಲ ಹೊರಗೆ ನಿಂತಳು. ಒಮ್ಮೆ ಬಿಟ್ಟದ್ದನ್ನು ಇನ್ನೊಮ್ಮೆ ಬಿಡುವವಳಲ್ಲ ಅವಳು. ಅಜ್ಜಿ ಮೆರೆ ಮುಂದೆ ಬಂದು ಇಬ್ಬರನ್ನೂ ಕರೆದಳು, ಮೊಮ್ಮಗಳನ್ನೂ ಮಾಂತ್ರಿಕನನ್ನೂ. ಒಬ್ಬ ಹಿರಿಯನ ಹೆಸರನ್ನೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಕೇಳುತ್ತ ಕೇಳುತ್ತ ಟೊಹೆ ಎತ್ತಿದ ಕೈ ಇಳಿಸಿದ. ಅವನ ಕಣ್ಣು ತುಂಬಿತ್ತು.

ಕರೆ ಮುಗಿಯಿತು. ಅಜ್ಜಿ ಟೊಹೆಯ ಮೂಗಿಗೆ ಮೂಗು ತಾಗಿಸಿದಳು. ಹುಯಿಯಾ ನಡೆದುಹೋಗಿ ಬುಗ್ಗೆಯ ತಣ್ಣನೆಯ ಕಲ್ಲಿಗೆ ಮೂಗು ತಾಗಿಸಿದಳು. ನೆಲ ಗುಡುಗಿತು. ಬಿಸಿನೀರು ಮುಗಿಲಿಗೆ ಚಿಮ್ಮಿತು.

ಅಂದು ಬೆಂದ ಮೊದಲ ಗೆಣಸನ್ನು ಟೊಹೆಗೇ ಕೊಟ್ಟರು. ಅವನು ಅಲ್ಲೇ ಉಳಿದ, ಮಂತ್ರ ಬಿಟ್ಟು ಅಡುಗೆ ಕಲಿತ. ಊರೆಲ್ಲ ಬೆಚ್ಚಗೆ ಬಾಳಿತು. ಬಾಗಿಲಲ್ಲಿ ಮತ್ತೆ ಜನ ಸೇರಿದರು. ಎಷ್ಟೇ ಜನವಿರಲಿ, ಎಂಥ ಬಿಸಿಲಿರಲಿ, ಹುಯಿಯಾ ಕೊನೆಯವರನ್ನೂ ಪೂರ್ತಿಯಾಗಿ ಕರೆಯುತ್ತಿದ್ದಳು. ಕಾಯುವವರು ಗೊಣಗಿದರೆ ಗೊಣಗಿಕೊಳ್ಳಲಿ.