ಕೋಣೆಯ ಹೊರಗಿನ ಮಾತು

ಎದುರಿಗೆ ಕೂತವನು ನಗುತ್ತಲೇ ಇದ್ದ. ಅವಳ ಅಂಗೈ ಮಾತ್ರ ಬೆವರುತ್ತಿತ್ತು.

ಶಾಲಾ ಆಪ್ತಸಮಾಲೋಚಕರಾಗಲು ಓದುವವರ ಮೊದಲ ಅಭ್ಯಾಸ ಅದು. ಚಿಕ್ಕ ಕೋಣೆ, ಎರಡು ಕುರ್ಚಿ, ಗಾಜಿನ ಆಚೆ ನಿಂತು ಗಮನಿಸುವ, ಪಾಠ ಹೇಳುವ ಮೇಡಂ. ಒಬ್ಬರು ತಮ್ಮದೇ ನಿಜವಾದ ನೋವೊಂದನ್ನು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಅವಳ ಜೋಡಿಯಾಗಿ ಸಿಕ್ಕವನು ತರಗತಿಯನ್ನೆಲ್ಲ ನಗಿಸುವ ಲಂಬು.

“ನನಗೇನು ನೋವು ಹೇಳಿ? ಬಾಗಿಲು ದಾಟುವಾಗ ತಲೆ ಬಡಿಯೋದು ಬಿಟ್ರೆ...”

ಅವಳು ನಗಲಿಲ್ಲ, ಸುಮ್ಮನೆ ಕಾದಳು.

ಅವನ ನಗು ಮೆಲ್ಲಗೆ ಇಳಿಯಿತು.

“ಏಳನೇ ಕ್ಲಾಸಲ್ಲಿ ಊಟದ ಡಬ್ಬಿ ತಗೊಂಡು ಟಾಯ್ಲೆಟ್‌ನಲ್ಲಿ ಕೂತು ತಿಂತಿದ್ದೆ. ನಾನು ಹೋಗಿ ಕೂತ್ರೆ ಎಲ್ಲರೂ ಎದ್ದು ಬೇರೆ ಬೆಂಚಿಗೆ ಹೋಗ್ತಿದ್ರು. ಆಮೇಲೆ ನಗಿಸೋದು ಕಲಿತೆ... ಇದು ಅಮ್ಮನಿಗೂ ಗೊತ್ತಿಲ್ಲ.”

ಅವಳಿಗೆ ಅವನ ಕೈ ಹಿಡಿಯಬೇಕು ಅನ್ನಿಸಿತು. ಹಿಡಿಯುವ ಹಾಗಿಲ್ಲ. ‘ಮುಗೀತು ನನ್ನ ಕಥೆ, ಇವನ ಮುಂದೆ ಕೂತು ಇನ್ನು ಓದಿದ ಹಾಗೇ’ ಎಂದುಕೊಂಡಳು.

ಹೊರಗೆ ಬಂದಾಗ ಮೇಡಂ ಎಚ್ಚರಿಸಿದರು. “ಒಳಗೆ ಕೇಳಿದ್ದನ್ನ ಹೊರಗೆ ನೀವಾಗಿ ಎತ್ತಬಾರದು. ಹೇಳಿದವರ ಹತ್ತಿರವೂ ಎತ್ತಬಾರದು.”

ನಮ್ಮ ಹುಡುಗಿಯೋ, ಗೆರೆ ಹಾಕಿದರೆ ಅದರಿಂದ ಒಂದು ಮಾರು ದೂರ ನಿಲ್ಲುವವಳು. ಅವನು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿದಳು. ಲೈಬ್ರರಿಯಲ್ಲಿ ಸಿಕ್ಕರೆ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಎಲ್ಲಿ ತನ್ನ ಕಣ್ಣೇ ಅವನ ಗುಟ್ಟು ಬಿಟ್ಟುಕೊಟ್ಟೀತೋ ಎಂಬ ಭಯ ಅವಳಿಗೆ.

“ಲಂಬು ಅಂದ್ರೆ ಸಾಕು, ಕಿವಿ ಕೆಂಪಾಗುತ್ತೆ. ಎದುರು ಬಂದ್ರೆ ಮಾತಾಡಲ್ವಂತೆ. ಯಾವ ಸೀಮೆ ಪ್ರೀತಿಯೇ ಇದು?” ಮನೆಯಲ್ಲಿ ಅಕ್ಕ ಕಾಲೆಳೆದಳು.

“ಹೇಳೋ ಹಾಗಿಲ್ಲ ಅಕ್ಕ...”

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಒಂದೇ ಮೇಜಿಗೆ ಸೇರಿದ್ದರು. ಲಂಬು ಬಂದು ಅವಳ ಪಕ್ಕದಲ್ಲೇ ಕೂತ.

“ಸ್ಕೂಲಲ್ಲೂ ನೀನು ಹೀಗೇನಾ? ಊಟದ ಹೊತ್ತಲ್ಲಿ ನಿನ್ನ ಸುತ್ತ ಜಾತ್ರೆನೇ ಸೇರ್ತಿತ್ತೇನೋ,” ಅಂದಳು ಗೆಳತಿಯೊಬ್ಬಳು.

“ಮತ್ತೆ? ಕೂರೋಕೆ ಜಾಗ ಸಿಕ್ತಿರಲಿಲ್ಲ,” ಅಂತ ಅವನು ನಕ್ಕ.

ಅವಳ ಕಣ್ಣು ತುಂಬಿಬಂತು. ಈಗ ಅತ್ತರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಏನು ಹೇಳಲಿ? ತಟ್ಟೆ ಎತ್ತಿಕೊಂಡು ದೂರದ ಮೇಜಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕೂತಳು.

ಅವನ ಮುಖ ಹೇಗಾಯಿತೆಂದು ಅವಳು ನೋಡಲೇ ಇಲ್ಲ.

ಮಾರನೆಯ ದಿನ ಲಂಬು ತರಗತಿಗೆ ಬರಲಿಲ್ಲ. ಸಂಜೆ ಮೇಡಂ ಕೋಣೆಯಿಂದ ಹೊರಬರುತ್ತಿದ್ದವನು ಮೆಟ್ಟಿಲಲ್ಲಿ ಸಿಕ್ಕ.

“ಓದು ಬಿಡ್ತಿದ್ದೀನಿ. ಮೇಡಂಗೆ ಹೇಳಿ ಬಂದೆ.”

“ಯಾಕೆ?”

“ನನ್ನ ಮಾತು ಎದುರು ಕೂತು ಪೂರ್ತಿ ಕೇಳಿದವರು ನೀವೊಬ್ಬರೇ. ನೀವೂ ತಟ್ಟೆ ಎತ್ಕೊಂಡು ಹೋದ್ರಿ. ಇನ್ನು ಯಾವ ಮಗುಗೆ ‘ಹೇಳ್ಕೋ, ಹಗುರಾಗುತ್ತೆ’ ಅನ್ಲಿ?”

ವಿವರಿಸಬೇಕೆಂದರೆ ಆ ಮಾತನ್ನೇ ಎತ್ತಬೇಕು... ಅವಳು ಕೈಕಾಲು ಕಟ್ಟಿಹಾಕಿದಂತೆ ನಿಂತಳು. ಅವನು ಸ್ವಲ್ಪ ಹೊತ್ತು ಕಾದು ಇಳಿದು ಹೋದ.

ಅವಳು ಸೀದಾ ಮೇಡಂ ಕೋಣೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಪೂರ್ತಿ ಕೇಳಿದ ಮೇಡಂ ಹಣೆ ಚಚ್ಚಿಕೊಂಡರು.

“ಅವನ ಮಾತನ್ನ ಬಚ್ಚಿಡು ಅಂದೆ ಮಾರಾಯ್ತಿ. ನಿನ್ನ ಮುಖಾನೂ ಬಚ್ಚಿಡು ಅಂತ ಯಾವಾಗ ಹೇಳ್ದೆ? ಅವನೇ ಎತ್ತಿದ ಮೇಲೆ ನೀನು ಉತ್ತರ ಕೊಡಬಹುದಿತ್ತಲ್ಲ.”

“ಮೇಡಂ... ನಾನು ಅವರನ್ನ ಪ್ರೀತಿಸ್ತೀನಿ.”

ಮೇಡಂ ಕನ್ನಡಕ ತೆಗೆದಿಟ್ಟರು. “ಹಾಗಾದ್ರೆ ಅವನ ಜೊತೆ ಆ ಕೋಣೆಯಲ್ಲಿ ನೀನು ಇನ್ನು ಕೂರೋ ಹಾಗಿಲ್ಲ. ಜೋಡಿ ಬದಲಾಯಿಸ್ತೀನಿ. ಓಡು, ಬಸ್ ಸ್ಟಾಪಲ್ಲೇ ಇರ್ತಾನೆ.”

ಅವನು ಅಲ್ಲೇ ಇದ್ದ. ಏದುಸಿರು ಬಿಡುತ್ತ ನಿಂತವಳನ್ನು ನೋಡಿ, “ಪಾಪ ಅನ್ನಿಸ್ತಾ?” ಅಂದ.

“ಇಲ್ಲ. ನಿನ್ನೆ ಕ್ಯಾಂಟೀನಲ್ಲಿ ನನಗೆ ಅಳು ಬಂದುಬಿಡ್ತು. ಎಲ್ಲರ ಮುಂದೆ ಅತ್ತಿದ್ರೆ ನಿಮ್ಮ ಗುಟ್ಟು ಬಯಲಾಗ್ತಿತ್ತು, ಅದಕ್ಕೇ ಎದ್ದು ಹೋದೆ. ಎದ್ದು ಹೋಗೋದೇ ನಿಮಗೆ ಎಲ್ಲಕ್ಕಿಂತ ದೊಡ್ಡ ನೋವು ಅಂತ... ಅಷ್ಟು ಕೇಳಿಸಿಕೊಂಡವಳಿಗೆ ಹೊಳೀಲೇ ಇಲ್ಲ.”

“ನನ್ನ ಕಥೆಗೆ ನಿಮಗ್ಯಾಕೆ ಅಳು?”

“ನೀವು ಅಂದ್ರೆ ಇಷ್ಟ. ತುಂಬಾ. ಮೊದಲ ದಿನದಿಂದ.”

ಊರನ್ನೇ ನಗಿಸುವವನಿಗೆ ಒಂದು ತಮಾಷೆಯೂ ಸಿಗಲಿಲ್ಲ. ಅವನ ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ. ಬೆರಳ ತುದಿಯಿಂದ ಅವಳ ಕೆನ್ನೆ ಒರೆಸಿದ.

“ಓದು ಬಿಡಬೇಡಿ...” ಅಂದಳು ಅವಳು. “ಆದ್ರೆ ಮೇಡಂ ನಮ್ಮ ಜೋಡಿ ಬದಲಾಯಿಸ್ತಾರಂತೆ.”

“ಮತ್ತೆ ನನ್ನ ಮಾತು ಯಾರು ಕೇಳ್ತಾರೆ?”

“ಒಳಗೆ ಬೇರೆ ಯಾರಾದ್ರೂ ಕೇಳ್ಲಿ. ಹೊರಗೆ ನಾನಿದ್ದೀನಿ.”