ಹಳದಿ ಔಷಧ ಕುಡಿದ ಹುಡುಗಿ

"ಒಂದಿಷ್ಟು ನಗವಾ ತಂಗಿ! ಬಾಯಿಗೆ ಬೀಗ ಹಾಕ್ಯಾರೇನ?"

ಗಂಡಿನ ಸೋದರತ್ತೆ ಶಟ್ಟೆವ್ವ ಹೀಗಂದಾಗ ಚಹಾ ಕೊಟ್ಟು ನಿಂತಿದ್ದ ಮೀನಾ ಸೆರಗನ್ನು ಬಾಯಿಗೆ ಎಳೆದುಕೊಂಡಳು.

ನಗಬೇಕಂತೆ! ಹೆಣ್ಣು ನೋಡಲು ಬಂದವರಿಗೆ ಹಲ್ಲೂ ನೋಡಬೇಕಂತೆ, ಸಂತೆಯಲ್ಲಿ ಎತ್ತು ಕೊಳ್ಳುವವರಂತೆ!

ಎದುರಿಗೆ ಕುಳಿತಿದ್ದವನು ಮಹಾದೇವ. ಅವನ ಪಕ್ಕದಲ್ಲಿ ಕುಳಿತಿದ್ದ ರಾಮದುರ್ಗದ ಬಸವಲಿಂಗ ಡಾಕ್ಟರ ಮಗ. ಫಾರ್ಮಸಿ ಓದಿ, ಅಪ್ಪನ ದವಾಖಾನೆಯ ಪಕ್ಕದಲ್ಲೇ ಔಷಧದ ಅಂಗಡಿ ಇಟ್ಟಿದ್ದ. ಅವ್ವನ ಬಿಪಿ ಗುಳಿಗೆ ಒಯ್ಯಲು ಸುರೇಬಾನದಿಂದ ಬರುತ್ತಿದ್ದ ಮೀನಾಳನ್ನು ಅಲ್ಲೇ ನೋಡಿ ಮೆಚ್ಚಿದ್ದ. ಆದರೆ ಅವಳು ಮಾತಾಡುವುದು ಯಾವಾಗಲೂ ಸೆರಗಿನ ಮರೆಯಲ್ಲಿ. ಆ ಕಣ್ಣುಗಳನ್ನು ಬಿಟ್ಟರೆ ಅವನು ಕಂಡದ್ದೇನೂ ಇರಲಿಲ್ಲ.

'ಇವರು ಹಂಗಲ್ಲ... ಇವರು ನಗೂದಿಲ್ಲ ನನ್ನ ನೋಡಿ' ಎಂದು ಎಷ್ಟು ನಂಬಿದ್ದಳು, ಪಾಪದ ಹುಡುಗಿ!

ಅವನ ಮುಖ ನೋಡುತ್ತಲೇ ಅವಳು ನಕ್ಕಳು.

ಬಂದವರೆಲ್ಲ ಅವಳ ಬಾಯಿಯನ್ನೇ ನೋಡಿದರು.

ಹಲ್ಲುಗಳೆಲ್ಲ ಕಂದು ಬಣ್ಣ. ಅಡ್ಡಡ್ಡ ಬೂದು ಪಟ್ಟಿಗಳು. ಶಟ್ಟೆವ್ವ ಮೂಗಿಗೆ ಸೆರಗು ಹಿಡಿದಳು. "ಅಯ್ಯ ಶಿವನೇ! ಮಶೇರಿ ತಿಕ್ತೀಯೇನ ನೀ? ಮುದುಕ್ಯಾರು ತಿಕ್ಕೂ ಸುಟ್ಟ ತಂಬಾಕ ಈ ವಯಸ್ಸಿಗೇನ?"

"ಇಲ್ರಿ... ದೇವರಾಣಿ ಇಲ್ರಿ! ಸಣ್ಣಾಕಿ ಇದ್ದಾಗಿಂದ ಹಿಂಗ ಅದಾವ್ರಿ..."

ಅವ್ವ ಯಲ್ಲವ್ವ ಕೈ ಮುಗಿದು ಮುಂದೆ ಬಂದಳು. "ಡಾಕ್ಟರ್ ಸಾಹೇಬ್ರ, ನಿಮಗ ಗುರುತ ಸಿಗಲಿಲ್ಲೇನ್ರಿ? ನೀವ ಉಳಿಸಿದ ಕೂಸ್ರಿ ಇದು! ಎದಿಯಾಗ ಕಫ ತುಂಬಿ ಉಸರ ನಿಂತಂಗ ಆಗಿತ್ತು. ನೀವು ಹಳದಿ ಔಷಧ ಕೊಟ್ರಿ, ಬದುಕಿತು! ಮುಂದ ನೆಗಡಿ ಬರ್ಲಿ, ಹೊಟ್ಟಿ ಕೆಡ್ಲಿ, ನಿಮ್ಮ ಕಡೇನ ಓಡಿ ಬಂದು ಅದ್ನ ಬೇಡಿ ಒಯ್ತಿದ್ದೆ. ಸಾಲಿಗಿ ಹೋಗೂತನಕಾ ಅದ ಅಮೃತಾರಿ ಈಕಿಗೆ."

ಡಾಕ್ಟರ ಕೈಯಲ್ಲಿದ್ದ ಚಹಾದ ಕಪ್ಪು ಅವರ ತುಟಿಯವರೆಗೆ ಹೋಗಿ ಹಾಗೇ ನಿಂತಿತು.

ಮಹಾದೇವ ಅವಳ ಹಲ್ಲನ್ನೇ ದಿಟ್ಟಿಸಿದ. ಅವನಿಗೆ ತಿಳಿದುಹೋಯಿತು. ಹಳದಿ ಔಷಧ... ಟೆಟ್ರಾಸೈಕ್ಲಿನ್! ಇದೇ ರೋಗಾಣು ಅಂತಿಲ್ಲ, ಹತ್ತಾರು ಬಗೆಯವನ್ನು ಬಡಿದು ಹಾಕುವ ಔಷಧ. ಎಳೆಯ ಮಕ್ಕಳಿಗೆ ಮೇಲಿಂದ ಮೇಲೆ ಕುಡಿಸಿದರೆ ಇನ್ನೂ ಹುಟ್ಟದ ಹಲ್ಲಿನೊಳಗೇ ಹೋಗಿ ಕೂಡುತ್ತದೆ. ತಿಕ್ಕಿದರೆ ಹೋಗದು. ಮಶೇರಿ ಹೀಗೆ ಪಟ್ಟಿ ಹೊಡೆಯುವುದಿಲ್ಲ.

'ಹೇಳು... ಹೇಳು ಮಹಾದೇವ!' ಎಂದಿತು ಮನಸ್ಸು.

ಅಷ್ಟರಲ್ಲಿ ಡಾಕ್ಟರು ಕಪ್ಪು ಕೆಳಗಿಟ್ಟರು. "ಔಷಧಕ್ಕ ಹಿಂಗ ಆಗೂದಿಲ್ಲ ಯಲ್ಲವ್ವ. ಇದು ಮಶೇರಿನ. ಮಗಳಿಗೆ ಬುದ್ಧಿ ಹೇಳ್ರಿ."

ಮೀನಾ ಮಹಾದೇವನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿ ನೆಲ ನೋಡಿದ. ಅವಳ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು.

*

ಅವರು ಹೊಸ್ತಿಲು ದಾಟಿದ್ದೇ ತಡ, ಯಲ್ಲವ್ವ ಮಗಳ ಟ್ರಂಕು ಬೋರಲು ಹಾಕಿದಳು.

"ಎಲ್ಲಿ ಬಚ್ಚಿಟ್ಟಿ ಡಬ್ಬಿ? ಹೇಳ!"

"ಯವ್ವಾ, ನಾ ಒಂದಿನಾನೂ ಮುಟ್ಟಿಲ್ಲ ಅದ್ನ!"

"ಹಂಗಾರ ಡಾಕ್ಟರ್ ಸುಳ್ಳ ಹೇಳ್ತಾರೇನ? ದೇವರಂಥಾ ಮನಶ್ಯಾ!"

ಕಪಾಳಕ್ಕೆ ಫಟ್ಟನೆ ಬಿತ್ತು! ಮೀನಾ ಅಳಲೂ ಇಲ್ಲ. ಹೆತ್ತ ಅವ್ವನೇ ನಂಬದ ಮೇಲೆ ಯಾರ ಮುಂದೆ ಅಳಬೇಕು, ನೀವೇ ಹೇಳಿ!

ಡಾಕ್ಟರ ಮಾತಿಗೆ ಕಾಲು ಬಂತು. ನೇಸರಗಿಯಿಂದ ಬರಬೇಕಿದ್ದ ಗಂಡಿನವರು ಅರ್ಧ ದಾರಿಯಿಂದಲೇ ತಿರುಗಿದರು. ಬಸ್ಸಿನಲ್ಲಿ ಯಾರೋ "ಮಶೇರಿ ಮೀನಾ ಬಂದಳ್ರಿ, ಜಾಗಾ ಕೊಡ್ರಿ" ಎಂದು ಕಿಸಕ್ಕನೆ ನಕ್ಕರು. ಅವಳು ರಾಮದುರ್ಗದವರೆಗೂ ನಿಂತುಕೊಂಡೇ ಹೋದಳು.

ಅವ್ವನ ಗುಳಿಗೆ ತೀರಿತ್ತು. ಹೋಗದೆ ವಿಧಿಯಿರಲಿಲ್ಲ. ಅದೇ ಅಂಗಡಿ... ಅದೇ ಅವನು.

"ಮೀನಾ, ಒಂದ ನಿಮಿಷ ನನ್ನ ಮಾತ ಕೇಳ್ರಿ."

"ಗುಳಿಗಿ ಕೊಡ್ರಿ. ಬಸ್ಸ ಹೋಗತೈತಿ."

"ನೀವು ಮಶೇರಿ ತಿಕ್ಕೂದಿಲ್ಲ. ಅದು ಆ ಹಳದಿ ಔಷಧದ ಕಲೆ."

ಸೆರಗು ಹಿಡಿದಿದ್ದ ಅವಳ ಕೈ ತಾನಾಗಿ ಕೆಳಗಿಳಿಯಿತು. "ಯಾವಾಗ ಗೊತ್ತಾತು ನಿಮಗ?"

"ನೀವು ನಕ್ಕಾಗನ."

"ಅವತ್ತ ಗೊತ್ತಿತ್ತು? ಗೊತ್ತಿದ್ದು ಸುಮ್ಮ ಕುಂತ್ರಿ?!"

"ಹೂಂ... ಅಪ್ಪನ ಮುಂದ ಬಾಯಿ ಬರಲಿಲ್ಲ. ಹೇಡಿ ನಾನು."

ನಿಮ್ಮ ಹಲ್ಲು ನೋಡಿ ಹೇಸಿದೆ ಅಂದಿದ್ದರೆ ಅವಳು ಸಹಿಸುತ್ತಿದ್ದಳೋ ಏನೋ. ಇದನ್ನು ಹೇಗೆ ಸಹಿಸಬೇಕು? ಅವಳ ಕಣ್ಣು ತುಂಬಿತು.

"ಮನಿಗೆ ಹೋಗಿ ಅಪ್ಪನ್ನ ಕೇಳಿದೆ" ಎಂದ ಅವನು. "ಮೊದಲನೇ ಸಲ ಬೇರೆ ದಾರಿ ಇರಲಿಲ್ಲಂತ. ಕೂಸು ಕೈಬಿಡಾಕ ಹತ್ತಿತ್ತು, ಯಾವ ರೋಗಾಣು ಅಂತ ಹುಡುಕ್ಕೋತ ಕೂಡಾಕ ಆಗತಿದ್ದಿಲ್ಲ. ಆ ಔಷಧ ನಿಮ್ಮ ಜೀವಾ ಉಳಿಸಿದ್ದು ಖರೇ. ಆದ್ರ ಮುಂದ ಬರೇ ನೆಗಡಿಗೂ ಕೊಟ್ಟದ್ದು ತಪ್ಪು. ಹಲ್ಲು ಕೆಡತಾವು ಅಂತ ಗೊತ್ತಾದ ಮ್ಯಾಲೂ ನಿಮ್ಮವ್ವ ಬೇಡಿದಾಗೆಲ್ಲಾ ಕೊಟ್ಟಾರ. ಒಲ್ಲೆ ಅಂದ್ರ ಮಂದಿ ಬ್ಯಾರೆ ಡಾಕ್ಟರ ಕಡೆ ಹೋಗ್ತಾರಂತ."

ಮೀನಾ ಕೌಂಟರಿನ ಮೇಲಿದ್ದ ಗುಳಿಗೆಯ ಪುಡಿಕೆ ಎತ್ತಿಕೊಂಡಳು.

"ನಾಳೆನ ಬರತೇನಿ. ನಿಮ್ಮವ್ವನ ಮುಂದ, ಊರ ಮಂದಿ ಮುಂದ ಎಲ್ಲಾ ಹೇಳತೇನಿ. ನಿಮ್ಮ ಹೆಸರು..."

"ಬ್ಯಾಡ್ರಿ!"

ಅವಳಿಗೆ ನೆನಪಾಗಿತ್ತು. ಅವ್ವನ ತೊಡೆ. ಮೂಗು ಹಿಡಿದು ಬಾಯಿಗೆ ಹಾಕಿದ ಚಮಚ. 'ಇನ್ನೊಂದ ಗುಟುಕ ನನ್ನ ಬಂಗಾರ... ಇಷ್ಟ ಕುಡದ್ರ ಮುಗೀತು.' ಬಾಟಲಿಗೆ ನೀರು ಹಾಕಿ ಕುಲುಕಿ ಕೊನೆಯ ಹನಿಯನ್ನೂ ಅವ್ವ ಬಿಡುತ್ತಿರಲಿಲ್ಲ.

"ಹಲ್ಲ ಕೆಟ್ಟದ್ದು ಔಷಧಕ್ಕ ಅಂತ ಹೇಳಿದ್ರ, ಕುಡಿಸಿದಾಕಿ ಯಾರಂತನೂ ಅಕಿಗೆ ತಿಳೀತೈತ್ರಿ" ಎಂದಳು ಮೀನಾ. "ಮೊನ್ನೆ ಹೊಡದಾಳ ನನಗ. ತನ್ನ ಕೈಲೇ ಆತು ಅಂತ ಗೊತ್ತಾದ್ರ ಆ ಕೈಲೆ ಮತ್ತ ತುತ್ತು ಎತ್ತೂದಿಲ್ಲ ಅಕಿ. ನನ್ನವ್ವ ಇರೂತನಕಾ ಈ ಮಾತು ಹೊರಗ ಬರಬಾರದು."

"ಮತ್ತ ನಿನ್ನ ಹೆಸರು, ಮೀನಾ?"

"ಕೆಟ್ಟೈತಲ್ಲಾ, ಇನ್ನೇನ ಕೆಡತೈತಿ!"

ಮಹಾದೇವ ಕೌಂಟರು ಸುತ್ತಿ ಹೊರಗೆ ಬಂದ. ಗಿರಾಕಿಗಳೆಲ್ಲ ನೋಡುತ್ತಿದ್ದರು. ನೋಡಲಿ!

"ಅವತ್ತ ಬಾಯಿ ತೆಗೀಬೇಕಿತ್ತು, ತೆಗೀಲಿಲ್ಲ. ಇವತ್ತ ತೆಗೀಬ್ಯಾಡ ಅಂತಿ. ಆತು, ತೆಗಿಯೂದಿಲ್ಲ. ಆದ್ರ ಮಂದಿ ಏನರೆ ಅನ್ನಲಿ, ನನಗ ನೀನ ಬೇಕು. ನನ್ನ ಮದವಿ ಆಗತಿಯೇನ?"

"ಅವತ್ತ ನೆಲಾ ನೋಡಿದ್ದನ್ನ ನಾ ಮರಿಯೂದಿಲ್ರಿ."

"ಮರೀಬ್ಯಾಡ. ದಿನಾ ಬೈಯ್ಯಿ. ನನ್ನ ಮನ್ಯಾಗ ಇದ್ದು ಬೈಯ್ಯಿ."

ಅವಳು ಗುಳಿಗೆಯ ಪುಡಿಕೆ ಎದೆಗೊತ್ತಿಕೊಂಡು ಗಳಗಳನೆ ಅತ್ತಳು. ಒಲ್ಲೆ ಎನ್ನಲಿಲ್ಲ.

*

ಮದುವೆಗೆ ಮೊದಲು ಡಾಕ್ಟರು ಬೇಡವೆಂದರು. "ಹಂಗಾರ ಅಂಗಡಿ ಬಾಗಲಾ ಹಾಕಿ ಬ್ಯಾರೆ ಊರಿಗೆ ಹೋಗತೇನಿ" ಎಂದ ಮಗ. ಮುಂದೆ ಅವರು ಚಕಾರ ಎತ್ತಲಿಲ್ಲ.

ಅಕ್ಷತೆ ಬಿದ್ದ ಮೇಲೆ ಯಲ್ಲವ್ವ ಎಲ್ಲರೆದುರು ಬೀಗರ ಕಾಲಿಗೆ ಬಿದ್ದಳು.

"ಮಶೇರಿ ಹುಡುಗಿ ಅಂತ ಮಂದಿ ಉಗಳಿದ್ರೂ ಸೊಸಿ ಮಾಡಕೊಂಡ್ರಿ! ಅವತ್ತ ಜೀವಾ ಕೊಟ್ರಿ, ಇವತ್ತ ಬಾಳೇ ಕೊಟ್ರಿ ಸಾಹೇಬ್ರ!"

ಡಾಕ್ಟರು ಅವಳತ್ತ ಬಗ್ಗಿದರು. ಮುದುಕರ ಕಣ್ಣಲ್ಲಿ ನೀರು. "ಏಳ್ರಿ ಯಲ್ಲವ್ವ... ನಾ ನಿಮಗ ಒಂದ ಮಾತ ಹೇಳಬೇಕು. ಆ ಔಷಧ..."

"ಮಾವಾರ!"

ಮೀನಾ ನಡುವೆ ಬಂದು ನಿಂತಳು. ಹಸಿರು ಬಳೆಯ ಕೈಯಿಂದ ಅವ್ವನನ್ನು ಎಬ್ಬಿಸಿ ತೆಕ್ಕೆಯಲ್ಲಿ ಹಿಡಿದುಕೊಂಡು, ಮಾವನ ಕಿವಿಗಷ್ಟೇ ಕೇಳುವಂತೆ ಹೇಳಿದಳು.

"ನೀವು ಹೇಳಿ ಹಗುರ ಆಗ್ತೀರಿ. ಆ ಭಾರ ಯಾರ ಮ್ಯಾಲೆ ಬೀಳತೈತಿ? ಸುಮ್ಮ ಇರ್ರಿ. ಸಾಯೂತನಕಾ ಸುಮ್ಮ ಇರ್ರಿ."

ಡಾಕ್ಟರು ಬಾಯಿ ಮುಚ್ಚಿದರು. ಅಷ್ಟು ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಅವರಿಗೆ ಕೊಡುತ್ತಿರಲಿಲ್ಲ.

ಏನೂ ತಿಳಿಯದ ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಇನ್ನ ನನಗೇನ ಚಿಂತಿ! ನಾಳೆ ಮೊಮ್ಮಗಾ ಹುಟ್ಟಿ ನೆಗಡಿ ಬಂದ್ರೂ ಹಳದಿ ಔಷಧ ಮನ್ಯಾಗ ಐತಿ!"

ಮಹಾದೇವ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದ.

ಫೋಟೊದವನು ಕ್ಯಾಮೆರಾ ಎತ್ತಿ ಕೂಗಿದ. "ಅಕ್ಕಾರ, ಬಾಯಿ ಮುಚ್ಚಿ ನಗ್ರಿ!"

"ಮುಚ್ಚಬ್ಯಾಡ" ಎಂದ ಮಹಾದೇವ ಮೆಲ್ಲಗೆ.

"ಮಂದಿ ಅದಾರ್ರಿ..."

"ಇರಲಿ. ಈ ಸಲ ನಾ ನೆಲಾ ನೋಡೂದಿಲ್ಲ."

"ಆ ಔಷಧ ಇರದಿದ್ರ ಏನ ಆಗತಿತ್ತು ಗೊತ್ತೇನ್ರಿ? ಬೆಳ್ಳನ ಹಾಲಹಲ್ಲ ಇಟಕೊಂಡ ಮಣ್ಣಾಗ ಹೋಗಿರತಿದ್ದೆ."

ಅವನು ಅವಳ ಕಡೆ ತಿರುಗಿದ. "ಇವತ್ತ ಇದ್ದೀಯಲ್ಲಾ... ನಗು."

ಮೀನಾ ಸೆರಗು ಬಿಟ್ಟು, ಅವನ ಮುಖ ನೋಡುತ್ತ ಬಾಯ್ತುಂಬ ನಕ್ಕಳು. ಅವನು ಕಣ್ಣು ತೆಗೆಯಲಿಲ್ಲ.