ಗೋಡೆಗೊಂದು ಕೆಂಪು ಪಟ್ಟಿ

“ಬುಟ್ಟಿ ಇಳಸವ್ವ. ಇಲ್ಲಿ ಮಣ್ಣು ತಗೊಳ್ಳಂಗಿಲ್ಲ,” ಎಂದ ವಾಚ್‌ಮನ್ ಮೂಕಣ್ಣ.

“ಗ್ವಾಡಿಗೆ ಬಳಿಯಾಕ, ಮಾವ. ನಮ್ಮಜ್ಜಿ ಇಲ್ಲಿಂದನ ಒಯ್ತಿದ್ಲು,” ಎಂದಳು ಶೈಲಜಾ.

“ಆವಾಗ ಇದು ಗುಡ್ಡ. ಈಗ ಕಂಪನಿ. ಸಾಹೇಬ್ರು ನೋಡಿದ್ರ ನನ್ ಡ್ಯೂಟಿ ಹೋಗ್ತೈತಿ.”

ಅವನ ಬೆನ್ನ ಹಿಂದೆ ಅದೇ ಗುಡ್ಡವನ್ನು ತುಂಬಿಕೊಂಡು ಲಾರಿಗಳು ಸಾಲಾಗಿ ಇಳಿಯುತ್ತಿದ್ದವು. ಶೈಲಜಾ ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅದಿರಿನ ಲಾರಿ ಹೊಡೆದುಕೊಂಡು ಬಂದರಿಗೆ ಹೋಗಿದ್ದ. ಅದಿರು ಜರಡಿ ಹಿಡಿಯಲು ಹೋದ ಅವ್ವ ಬರುವುದು ಕತ್ತಲಾಗುವ ಹೊತ್ತಿಗೆ.

ಹೋದ ವರ್ಷ ಅಜ್ಜಿ ತೀರಿಕೊಂಡಿದ್ದರಿಂದ ಹಬ್ಬ ಮಾಡಿರಲಿಲ್ಲ. ನಾಳೆ ದೀಪಾವಳಿ. ಅಜ್ಜಿ ಇದ್ದಾಗ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದಳು. ಅದರ ಮೇಲೆ ಸುಣ್ಣದ ಚುಕ್ಕಿ ಇಡುವುದು ಶೈಲಜಾಳ ಪಾಲು.

“ಈ ಸಲ ಬಿಡು. ಯಾರಿಗೆ ತೋರ್ಸಬೇಕೈತಿ?” ಎಂದಿದ್ದಳು ಅವ್ವ.

ಶೈಲಜಾ ಹೋಂವರ್ಕ್ ತೆಗೆದಳು. ‘ಸೊಬಗು: ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿರಿ.’ ಗೈಡಿನಲ್ಲಿ ‘ಬೆಟ್ಟದ ಸೊಬಗು ಕಣ್ಣಿಗೆ ಹಬ್ಬ’ ಎಂದಿತ್ತು. ಅವಳು ಕಿಟಕಿಯಿಂದ ಬೆಟ್ಟ ನೋಡಿದಳು. ಅದಕ್ಕೆ ಒಂದು ಮಗ್ಗುಲೇ ಇರಲಿಲ್ಲ. ಪೆನ್ಸಿಲ್ ಕೆಳಗಿಟ್ಟಳು.

ಕಿಟಕಿಗೆ ಊರಿದ್ದ ಮೊಣಕೈ ಅದಿರಿನ ಧೂಳಿಗೆ ಕೆಂಪಾಗಿತ್ತು. ಬೆಳಿಗ್ಗೆಯಷ್ಟೇ ಅಲ್ಲಿ ಒರೆಸಿದ್ದಳು. ಈಗ ಒರೆಸಲಿಲ್ಲ. ಕೈಯನ್ನೇ ನೋಡುತ್ತ ನಿಂತಳು.

ಆಮೇಲೆ ಕಸಬರಿಗೆ ತಂದಳು. ಕಿಟಕಿ, ಕಟ್ಟೆ, ನೀರಿನ ಡ್ರಮ್ಮಿನ ಮುಚ್ಚಳ, ತುಳಸಿ ಕುಂಡದ ಅಂಚು, ಎಲ್ಲ ಗುಡಿಸಿದಳು. ಆ ಧೂಳಿಗೆ ಹಳೇ ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿದಳು. ಅಜ್ಜಿಯ ಕೆಮ್ಮಣ್ಣಿಗಿಂತ ತುಸು ಕಪ್ಪು. ಇರಲಿ. ಬಟ್ಟೆ ಅದ್ದಿ ಪಟ್ಟಿ ಎಳೆದಳು. ಆರಿದ ಮೇಲೆ ಒಬ್ಬಳೇ ಕುಕ್ಕರಗಾಲಲ್ಲಿ ಸರಿಯುತ್ತ ಚುಕ್ಕಿ ಇಟ್ಟಳು. “ಸಾಲು ಸೊಟ್ಟಾತು” ಎನ್ನಲು ಅಜ್ಜಿ ಇರಲಿಲ್ಲ. ತಾನೇ ಅಂದುಕೊಂಡು, ಅಳಿಸಿ, ಮತ್ತೆ ಇಟ್ಟಳು.

ಅವ್ವ ಬಂದಳು. ಅಂಗಳದಲ್ಲೇ ನಿಂತಳು.

“ಮಣ್ಣು ಎಲ್ಲಿಂದ ತಂದಿ?”

“ತಂದಿಲ್ಲವ್ವ. ಅದಾ ಬಂದು ಕುಂತಿತ್ತು.”

ಅವ್ವ ಗೋಡೆಯ ಎದುರಿಗೆ ನೆಲದ ಮೇಲೆಯೇ ಕುಳಿತುಬಿಟ್ಟಳು.

ಶೈಲಜಾ ಒಳಗೆ ಹೋಗಿ ನೋಟ್‌ಬುಕ್ ತೆರೆದಳು. ಅರ್ಥದ ಜಾಗ ಖಾಲಿ ಬಿಟ್ಟಳು. ಅದರ ಕೆಳಗೆ ಬರೆದಳು: ‘ಗೋಡೆಯ ಸೊಬಗನ್ನು ನೋಡುತ್ತ ಅವ್ವ ಕಾಲು ತೊಳೆಯುವುದನ್ನೂ ಮರೆತಳು.’